ಮರಳುನಾಡಿನ ಪತ್ರ – 17: ಲಾನಿನಲ್ಲಿ ಬಳ್ಳಾರಿ ಜಾಲಿ

ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ಭಾನುವಾರ ಅಬುಧಾಬಿಯಲ್ಲಿ ನಮ್ಮ ಸೀನಿಯರ್ ಸಿಸ್ಟರ್ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮನೆ ಮುಂದೆ ಪುಟ್ಟ ಲಾನ್. ದಿನಾ ನೀರು ಬಿಟ್ಟು ಮಗುವಿನ ಹಾಗೆ ಸಾಕಿದ ಹುಲ್ಲು. ನಡುವೆ ಒಂದು ಮುಳ್ಳಿನ ಸಸಿ. "ಮೂರು ಸಲ ಕತ್ತರಿಸಿದೆ, ಮತ್ತೆ ಚಿಗುರ್ತದೆ" ಅಂತ ಬೇಜಾರು ಮಾಡ್ಕೊಂಡರು. ಬಗ್ಗಿ ನೋಡಿದರೆ ನಮ್ಮ ಬಳ್ಳಾರಿ ಜಾಲಿ! ಇಲ್ಲಿಗೆ ಹೆಂಗ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ ಕಥೆ ಇದು.

ಹೆಸರು ಬಳ್ಳಾರಿಯದಾದರೂ ತವರು ಬೇರೆ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಗಿಡ. 1877ರಲ್ಲಿ ಬ್ರಿಟಿಷರ ಕಾಲದಲ್ಲಿ ಇದರ ಬೀಜ ಮದರಾಸ್ ಪ್ರಾಂತ್ಯಕ್ಕೆ ಬಂತು, ಕಡಪ ಸೀಮೆಯಲ್ಲಿ ನೆಟ್ಟರು. ನಮ್ಮ ಬಳ್ಳಾರಿಯೂ 1953ರವರೆಗೆ ಮದರಾಸಿಗೇ ಸೇರಿತ್ತು. ನೀರಿಲ್ಲದ ನೆಲದಲ್ಲೂ ಹಸಿರು, ಉರುವಲು, ಬೇಲಿ. ಯಾರಿಗೆ ಬೇಡ? 1940ರಲ್ಲಿ ಜೋಧಪುರ ಸಂಸ್ಥಾನ ಇದಕ್ಕೆ ರಾಜಮರದ ಪಟ್ಟವನ್ನೇ ಕೊಟ್ಟಿತ್ತು. ನಮ್ಮ ಅಜ್ಜ ಹೊಲಕ್ಕೆ ಇದರ ಬೇಲಿ ಹಾಕಿದ್ದು ಮೂರ್ಖತನವಲ್ಲ, ಆ ಕಾಲದ ಜಾಣತನ.

ಯುಎಇಯಲ್ಲೂ ಹಾಗೇ ಆಯ್ತು. 1971ರಲ್ಲಿ ದೇಶ ಕಟ್ಟಿದ ಮೇಲೆ ಶೇಖ್ ಜಾಯೆದ್ ಅವರಿಗೆ ಮರಳನ್ನು ಹಸಿರು ಮಾಡೋ ಹಂಬಲ. ನೆಟ್ಟ ಗಿಡಗಳಲ್ಲಿ ಈ ಜಾಲಿಯೂ ಒಂದು. ಇದರ ಸಿಹಿ ಕಾಯನ್ನು ಒಂಟೆ, ಆಡು ತಿಂತಾವೆ. ಗಟ್ಟಿ ಸಿಪ್ಪೆಯ ಬೀಜ ಹಿಕ್ಕೆಯಲ್ಲಿ ಹೊರಬಂದು ಬಿದ್ದಲ್ಲೇ ಹುಟ್ತದೆ. ಬೇರು ಆಳದ ನೀರು ಎಳೀತದೆ, ಬುಡದಲ್ಲಿ ಬೇರೆ ಗಿಡ ಏಳೋದು ಕಷ್ಟ. ಪರಾಗ ಉಬ್ಬಸದವರಿಗೆ ಆಗಿಬರಲ್ಲ.

ಇನ್ನು ಮುಖ್ಯ ವಿಷಯ. ಇಲ್ಲಿಯ ಜನ ಇದನ್ನು "ಗುವೈಫ್" ಅಂತಾರೆ, ಅಂದರೆ ಮರಿ ಗಾಫ್. ಗಾಫ್ ಅಂದರೆ ಇಲ್ಲಿಯ ಸ್ವಂತ ಮರ. ಬೆದೂಯಿನ್ ಜನಕ್ಕೆ ಅದೇ ನೆರಳು, ಒಂಟೆಗೆ ಅದೇ ಮೇವು. 2008ರಲ್ಲಿ ಅದನ್ನು ರಾಷ್ಟ್ರೀಯ ಮರ ಅಂತ ಸಾರಿದರು. 2019ರ "ಸಹಿಷ್ಣುತೆಯ ವರ್ಷ"ಕ್ಕೂ ಅದೇ ಗುರುತು. ಆ ಗಾಫ್ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ! ದಸರೆಗೆ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳ್ತೀವಲ್ಲ, ಅದೇ. ಜಾಲಿ, ಬನ್ನಿ ಎರಡೂ ಒಂದೇ ಬಳಗ. ಅದಕ್ಕೇ ಮೋಸ ಹೋಗೋದು.

ಇಷ್ಟೆಲ್ಲ ಬರೆದದ್ದು ಯಾಕಂದರೆ, ಮೊನ್ನೆ ತಮ್ಮ ಫೋನ್ ಮಾಡಿ, "ಅಕ್ಕಾ, ಮೇಲಿನ ಹೊಲ ಪೂರ್ತಿ ಮುಳ್ಳು, ಜೆಸಿಬಿ ತಂದು ಎಲ್ಲಾ ಕಿತ್ತು ಒಗೀತೀನಿ" ಅಂದ. ನಾವು ಮೂವರೂ ಊರು ಬಿಟ್ಟೆವು, ಅಪ್ಪನ ಮೊಣಕಾಲು ಸೋತಿತು, ಹೊಲ ಬೀಳುಬಿತ್ತು. ತಪ್ಪು ಜಾಲಿಯದಷ್ಟೇ ಅಲ್ಲ. ಆದರೆ "ಎಲ್ಲಾ" ಅಂದಾಗ ನನಗೆ ಎದೆ ಧಸಕ್ ಅಂತು. ಮೂಡಣ ಬದುವಿನಲ್ಲಿ ಬನ್ನಿ ಇದೆಯಲ್ಲ!

ತಮ್ಮಾ, ಕೇಳು. ಜಾಲಿಗೆ ಗೆಣ್ಣಿನಲ್ಲಿ ಜೋಡಿ ಮುಳ್ಳು, ಉದ್ದ. ಬನ್ನಿಗೆ ಗೆಣ್ಣುಗಳ ನಡುವೆ ಚಿಕ್ಕ ಮೊಂಡು ಮುಳ್ಳು, ಎಲೆ ಬೂದು ಹಸಿರು. ಡ್ರೈವರ್‌ಗೆ ಹೇಳಿದರೆ ಸಾಲದು, ಮೊದಲು ನೀನೇ ಹೋಗಿ ಬನ್ನಿಗೆ ಕೆಂಪು ಬಟ್ಟೆ ಕಟ್ಟು. ಜಾಲಿಯನ್ನು ನೆಲದ ಮಟ್ಟಕ್ಕೆ ಕಡಿಸಬೇಡ, ಬುಡದಿಂದ ಹತ್ತು ಚಿಗುರು ಬರ್ತಾವೆ. ಚಿಗುರೋ ಗಂಟು ಮಣ್ಣಿನೊಳಗೆ ಇರ್ತದೆ, ಒಂದಡಿ ಅಗೆದು ಅದರ ಸಮೇತ ತೆಗೆಸು. ಕಾಯಿ ಉದುರೋದರೊಳಗೆ ಆಗಬೇಕು. ಬಿದ್ದ ಬೀಜ ವರ್ಷಗಟ್ಟಲೆ ಕಾಯ್ತದೆ, ಹಾಗಾಗಿ ಪ್ರತಿ ಮಳೆ ಆದ ಮೇಲೆ ಸಸಿ ಕೀಳಬೇಕು. ಖಾಲಿ ಬಿಟ್ಟರೆ ಮತ್ತೆ ಅದೇ, ತೊಗರಿನೋ ಜೋಳನೋ ಬಿತ್ತು. ಮುಳ್ಳು ಚುಚ್ಚಿದರೆ ಅಸಡ್ಡೆ ಮಾಡದೆ ಟಿಟಿ ಇಂಜೆಕ್ಷನ್ ತಗೋ, ಇದು ನರ್ಸ್ ಅಕ್ಕನ ಆರ್ಡರ್.

ಸಿಸ್ಟರ್ ಮನೆಯ ಸಸಿಯನ್ನು ಅವತ್ತೇ ಗುದ್ದಲಿಯಿಂದ ಗಂಟು ಸಮೇತ ತೆಗೆದೆ. ಊರಿನ ಹೊಲ ಇನ್ನೂ ಬಾಕಿ. ದಸರೆಗೆ ರಜೆ ಸಿಕ್ಕಿದೆ, ಬನ್ನಿ ಎಲೆಯನ್ನು ನಮ್ಮ ಬದುವಿನಿಂದಲೇ ತರಬೇಕು.