ಶಿಲಾಯುಗದ ನೆಲೆ ಕಟ್ಟುವ ವಿಡಿಯೊ ಗೇಮ್‌ಗಳು: ವಿಸ್ತರಣೆಯ ಬೇಡಿಕೆಗಳ ಇತಿಹಾಸ

ಬೆರಳೆಣಿಕೆಯ ಜನ, ಕೆಲವು ಚರ್ಮದ ಗುಡಾರ, ನಡುವೆ ಒಂದು ಬೆಂಕಿ, ಪಕ್ಕದಲ್ಲಿ ನದಿ. ಇಷ್ಟರಿಂದ ಶುರುಮಾಡಿ ಬೇಟೆ, ಬೇಸಾಯ, ಪಶುಪಾಲನೆ, ಲೋಹಗಾರಿಕೆಯ ಹಂತ ದಾಟಿಸಿ ಒಂದು ಊರು ಕಟ್ಟುವುದು ಈ ಬಗೆಯ ವಿಡಿಯೊ ಗೇಮ್‌ಗಳ ಹೂರಣ. ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 2019ರ ಮಾರ್ಚ್ 1ರಂದು ಬಿಡುಗಡೆಯಾದ ‘ಡಾನ್ ಆಫ್ ಮ್ಯಾನ್’. ಆಡಿ ಮುಗಿಸಿದವರೆಲ್ಲ ಮುಂದೇನು ಎಂದು ಕೇಳಿದ್ದಾರೆ. ಕೆಲವರಿಗೆ ಕಬ್ಬಿಣ ಯುಗದಾಚೆಯ ನಗರ ಬೇಕು, ಕೆಲವರಿಗೆ ನಿಯಾಂಡರ್ತಾಲ್‌ಗಳ ಕಾಲಕ್ಕೆ ಹಿಂದಕ್ಕೆ ಹೋಗಬೇಕು, ಇನ್ನು ಕೆಲವರಿಗೆ ಯುರೋಪ್ ಬಿಟ್ಟು ಬೇರೆ ನೆಲ ಬೇಕು. ಮೇಲ್ನೋಟಕ್ಕೆ ಮೂರನೆಯದು ಸುಲಭವಾಗಿ ಈಡೇರಬಹುದಾದ ಆಸೆ. ನಿಜಕ್ಕೂ ಕಷ್ಟದ್ದು ಅದೇ.

ಮೊದಲ ಆಸೆ ಹಳೆಯದು. ಎನ್‌ಸೆಂಬಲ್ ಸ್ಟುಡಿಯೋಸ್ ತಯಾರಿಸಿ ಮೈಕ್ರೋಸಾಫ್ಟ್ 1997ರಲ್ಲಿ ಹೊರತಂದ ‘ಏಜ್ ಆಫ್ ಎಂಪೈರ್ಸ್’ ಶಿಲಾಯುಗದಲ್ಲೇ ತೆರೆದುಕೊಳ್ಳುತ್ತಿತ್ತು. ಹಣ್ಣಿನ ಪೊದೆ, ಜಿಂಕೆ, ಕೈಕೊಡಲಿ ಹಿಡಿದ ಹಳ್ಳಿಗರು, ಆಮೇಲೆ ಉಪಕರಣ ಯುಗ, ಕಂಚಿನ ಯುಗ, ಕಬ್ಬಿಣ ಯುಗ. ಆದರೆ ಅಲ್ಲಿ ಶಿಲಾಯುಗವೆಂದರೆ ಕೆಲವು ನಿಮಿಷದ ತಯಾರಿ ಅಷ್ಟೆ. ಆದಷ್ಟು ಬೇಗ ದಾಟಿದವನೇ ಜಾಣ. ಮರುವರ್ಷ ಬಂದ ವಿಸ್ತರಣೆ ‘ದಿ ರೈಸ್ ಆಫ್ ರೋಮ್’ ರೋಮ್, ಕಾರ್ತೇಜ್, ಮೆಸಿಡೋನಿಯ, ಪಾಲ್ಮೈರಾಗಳನ್ನು ಸೇರಿಸಿತು. ಕಲ್ಲಿನ ಕಾಲಕ್ಕೆ ಹೊಸದೇನೂ ದಕ್ಕಲಿಲ್ಲ. ವಿಸ್ತರಣೆ ಎಂದರೆ ಸಾಮ್ರಾಜ್ಯದ ಕಡೆಗೆ ಏರುವುದು ಎಂಬ ರೂಢಿ ಅಂದೇ ಬೇರೂರಿತು.

ಸಿಡ್ ಮೈಯರ್ ಅವರ 1991ರ ‘ಸಿವಿಲೈಜೇಶನ್’ ಕ್ರಿ.ಪೂ. 4000ರಲ್ಲಿ ಮೊದಲ ಊರು ಸ್ಥಾಪಿಸುವುದರೊಂದಿಗೆ ಶುರುವಾಗುತ್ತದೆ; ಅದಕ್ಕೂ ಹಿಂದಿನದು ಆಟದ ಲೆಕ್ಕಕ್ಕೇ ಇಲ್ಲ. ಈ ಕೊರತೆಯನ್ನು ತುಂಬಲು ಹೊರಟವರು ಆಟಗಾರರೇ. ಸರಣಿಯ ನಾಲ್ಕನೇ ಆಟಕ್ಕೆ ಅಭಿಮಾನಿಗಳು ಕಟ್ಟಿದ ‘ಕೇವ್‌ಮ್ಯಾನ್ ಟು ಕಾಸ್ಮಾಸ್’ ಎಂಬ ಮಾಡ್, ಹೆಸರೇ ಹೇಳುವಂತೆ ಗುಹೆಯಿಂದ ಅಂತರಿಕ್ಷದವರೆಗೆ ಚಾಚಿಕೊಂಡಿದೆ. ಇತಿಹಾಸಪೂರ್ವ ಕಾಲವೇ ಅಲ್ಲೊಂದು ಸುದೀರ್ಘ ಘಟ್ಟ. 2021ರಲ್ಲಿ ಆಂಪ್ಲಿಟ್ಯೂಡ್ ಸ್ಟುಡಿಯೋಸ್ ತನ್ನ ‘ಹ್ಯೂಮನ್‌ಕೈಂಡ್’ ಆಟವನ್ನು ಅಲೆಮಾರಿ ಗುಂಪಿನಿಂದ ಆರಂಭಿಸಿದಾಗ ಇದೇ ಬೇಡಿಕೆ ವೃತ್ತಿಪರ ತಯಾರಕರ ಕೈಯಲ್ಲಿ ಅರ್ಧ ಈಡೇರಿತು ಎನ್ನಬಹುದು. ಅರ್ಧ ಏಕೆಂದರೆ ಅಲ್ಲಿಯೂ ನವಶಿಲಾಯುಗ ಬೇಗ ಮುಗಿದುಹೋಗುತ್ತದೆ.

‘ಡಾನ್ ಆಫ್ ಮ್ಯಾನ್’ ಈ ಆತುರವನ್ನು ಬಿಟ್ಟದ್ದೇ ಅದರ ಹೊಸತನ. ತಯಾರಿಸಿದ್ದು ಮಡ್ರುಗಾ ವರ್ಕ್ಸ್ ಎಂಬ ಪುಟ್ಟ ಸಂಸ್ಥೆ. ಅದಕ್ಕೂ ಮೊದಲು, 2015ರಲ್ಲಿ, ಅನ್ಯಗ್ರಹದಲ್ಲಿ ವಸಾಹತು ಕಟ್ಟುವ ‘ಪ್ಲಾನೆಟ್‌ಬೇಸ್’ ತಂದಿತ್ತು. ಆಮ್ಲಜನಕ ತೀರಿದರೆ ಸಾವು ಎಂಬ ಅಲ್ಲಿಯ ತರ್ಕ ಇಲ್ಲಿ ಚಳಿಗಾಲದ ರೂಪ ತಾಳಿತು. ಆಟದ ಜೀವಾಳ ಇರುವುದು ಚಳಿಗೆ ಮುಂಚಿನ ದಿನಗಳಲ್ಲಿ. ಹಣ್ಣು ಆಯುವ ಋತು ಮುಗಿಯುತ್ತಿದೆ, ಬೇಟೆಯ ಮಾಂಸವನ್ನು ಒಣಗಿಸದಿದ್ದರೆ ಕೆಡುತ್ತದೆ, ಚರ್ಮ ಹದಮಾಡಿ ಉಡುಪು ಹೊಲಿಯಬೇಕು, ಸೌದೆ ಒಟ್ಟಬೇಕು. ಆರೇಳು ಜನರನ್ನು ಈಟಿ ಕೊಟ್ಟು ಮ್ಯಾಮತ್ ಹಿಂದೆ ಕಳಿಸಿದರೆ ವಾರಗಟ್ಟಲೆ ಊಟ ಸಿಗಬಹುದು, ಇಬ್ಬರು ವಾಪಸು ಬಾರದಿರಲೂಬಹುದು. ಸಾಧನೆಗಳಿಂದ ಜ್ಞಾನದ ಅಂಕಗಳು ಸಿಗುತ್ತವೆ. ಅವನ್ನು ಕೊಟ್ಟು ನಾಯಿ ಪಳಗಿಸುವುದನ್ನೋ ಧಾನ್ಯ ಬಿತ್ತುವುದನ್ನೋ ಕಲಿಯಬೇಕು. ಊರು ಬೆಳೆದಂತೆ ದಾಳಿಕೋರರು ಬರುತ್ತಾರೆ, ವ್ಯಾಪಾರಿಗಳೂ ಬರುತ್ತಾರೆ.

ಕಬ್ಬಿಣ ಕರಗಿಸಿ ಕೋಟೆಗೋಡೆ ಎಬ್ಬಿಸಿದ ಮೇಲೆ ಮಾತ್ರ ಆಟಕ್ಕೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಬೇಡಿಕೆಗಳ ಪಟ್ಟಿ ಬೆಳೆಯುವುದು ಇಲ್ಲಿಂದ: ದೋಣಿ ಬೇಕು, ರಸ್ತೆ ಬೇಕು, ನೆರೆಯ ಬುಡಕಟ್ಟಿನೊಡನೆ ಕೊಡುಕೊಳ್ಳುವಿಕೆ, ಮದುವೆ, ಜಗಳ, ರಾಜಿ ಬೇಕು, ಯಾರು ಯಾರ ಮಗ ಎಂದು ತೋರಿಸುವ ವಂಶಾವಳಿ ಬೇಕು, ಗೆಳೆಯರೊಡನೆ ಕೂಡಿ ಆಡುವಂತಿರಬೇಕು. ಸಂಸ್ಥೆ ಕೊಟ್ಟದ್ದು ಉಚಿತ ಅಪ್‌ಡೇಟ್‌ಗಳು, 2020ರಲ್ಲಿ ಕನ್ಸೋಲ್ ಆವೃತ್ತಿ, ಜೊತೆಗೆ ಆಟಗಾರರೇ ಹೊಸ ಸನ್ನಿವೇಶ ಬರೆದು ಸ್ಟೀಮ್ ವರ್ಕ್‌ಶಾಪ್ ಮೂಲಕ ಹಂಚಿಕೊಳ್ಳುವ ಅವಕಾಶ.

ಹಿಂದಕ್ಕೆ ಹೋಗಬೇಕೆನ್ನುವವರ ವಾದದಲ್ಲಿ ಒಂದು ತಮಾಷೆಯಿದೆ. ಆಟದ ಹರವು ಹತ್ತು ಸಾವಿರ ವರ್ಷಕ್ಕೆ ಮೇಲ್ಪಟ್ಟದ್ದು, ಆದರೆ ನಿಯಾಂಡರ್ತಾಲ್‌ಗಳು ಅಳಿದು ಸುಮಾರು 40 ಸಾವಿರ ವರ್ಷಗಳಾದವು. ಹಾಗೆಂದು ಅವರನ್ನು ಹೊರಗಿಡುವ ಆಟ ಕಾಡುಪ್ರಾಣಿಗಳ ವಿಷಯದಲ್ಲಿ ಅಷ್ಟು ಮಡಿ ಮಾಡಿಲ್ಲ. ಸುಮಾರು 24 ಸಾವಿರ ವರ್ಷಗಳ ಹಿಂದೆಯೇ ಕಣ್ಮರೆಯಾದ ಗುಹಾಕರಡಿ ಇಲ್ಲಿ ಬೇಟೆಗಾರರ ಮೇಲೆ ಎರಗುತ್ತದೆ, ಹಿಮಯುಗದ ಉಣ್ಣೆ ಘೇಂಡಾಮೃಗವೂ ಮೇಯುತ್ತಿರುತ್ತದೆ. ಆಟ ರಂಜಿಸಬೇಕಾದರೆ ಇಷ್ಟು ಸಲಿಗೆ ಬೇಕೇ ಬೇಕು.

ಬೇರೆ ನೆಲದ ಬೇಡಿಕೆ ಬೇರೆಯೇ ಜಾತಿಯದು. ಅದನ್ನು ಅರಿಯಲು ಕೋಪನ್‌ಹೇಗನ್‌ನ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿಯ ಪ್ರಾಚ್ಯವಸ್ತುಗಳನ್ನು ಕಲ್ಲು, ಕಂಚು, ಕಬ್ಬಿಣ ಎಂದು ವಿಂಗಡಿಸಿದ ಕ್ರಿಶ್ಚಿಯನ್ ಯೂರ್ಗೆನ್ಸನ್ ಥಾಮ್ಸನ್ 1836ರ ಕೈಪಿಡಿಯೊಂದರಲ್ಲಿ ಈ ಮೂರು ಯುಗಗಳ ಕ್ರಮವನ್ನು ಪ್ರಕಟಿಸಿದರು. ಡೆನ್ಮಾರ್ಕಿನ ಸಮಾಧಿಗಳಲ್ಲಿ ಸಿಕ್ಕ ವಸ್ತುಗಳಿಗೆ ಅದು ಚೆನ್ನಾಗಿಯೇ ಹೊಂದಿತು. ಅದೇ ಏಣಿ ಮುಂದೆ ಶಾಲಾಪುಸ್ತಕಗಳಿಗೆ ಬಂತು, ಅಲ್ಲಿಂದ ‘ಏಜ್ ಆಫ್ ಎಂಪೈರ್ಸ್’ಗೂ ‘ಡಾನ್ ಆಫ್ ಮ್ಯಾನ್’ಗೂ ದಾಟಿತು. ಪ್ರತಿ ಮೆಟ್ಟಿಲಿಗೂ ಬೆಲೆ ಕಟ್ಟಬಹುದು, ಒಂದನ್ನು ಹತ್ತದೆ ಇನ್ನೊಂದು ತೆರೆಯದಂತೆ ಬೀಗ ಹಾಕಬಹುದು. ಗೇಮ್ ವಿನ್ಯಾಸಕನಿಗೆ ಇದಕ್ಕಿಂತ ಅನುಕೂಲದ ಇತಿಹಾಸ ಸಿಗದು.

ದಕ್ಷಿಣ ಭಾರತದಲ್ಲಿ ಈ ಏಣಿ ನಿಲ್ಲುವುದಿಲ್ಲ. 1863ರಲ್ಲಿ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧ ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನೂ ಕಲೆಹಾಕಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದಾಗ ಕಲ್ಲಿನ ಕೊಡಲಿಯ ಸಂಸ್ಕೃತಿಯ ಮೇಲಿನ ಪದರದಲ್ಲಿ ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿ ಕಾಣಿಸಿತು. ನಡುವೆ ಅಲ್ಲೊಂದು ಇಲ್ಲೊಂದು ತಾಮ್ರದ, ಕಂಚಿನ ವಸ್ತು ಸಿಕ್ಕರೂ ಪ್ರತ್ಯೇಕ ಕಂಚಿನ ಯುಗವೆಂಬುದು ಇಲ್ಲ.

ಬೆಳೆಯೂ ಬೇರೆ. ‘ಡಾನ್ ಆಫ್ ಮ್ಯಾನ್’ನ ಹೊಲದಲ್ಲಿ ಬಿತ್ತುವುದು ಐನ್‌ಕಾರ್ನ್, ಎಮ್ಮರ್ ಗೋಧಿ, ರೈ, ಅಗಸೆ ಮುಂತಾದ ಪಶ್ಚಿಮ ಏಷ್ಯ ಮತ್ತು ಯುರೋಪಿನ ಬೆಳೆಗಳು. ಸುಮಾರು ಕ್ರಿ.ಪೂ. 3000ರಿಂದ 1200ರವರೆಗೆ ಬಾಳಿದ ದಕ್ಷಿಣದ ನವಶಿಲಾಯುಗದ ಜನರ ನೆಲೆಗಳಲ್ಲಿ ಸಸ್ಯಪುರಾತತ್ತ್ವಜ್ಞರಿಗೆ ಸಿಕ್ಕ ಮುಖ್ಯ ಕಾಳುಗಳು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯ. ಇವು ಮಳೆಗಾಲ ನೆಚ್ಚಿದ ಬೆಳೆಗಳು. ಹಿಮ ಬೀಳುವ ಮೊದಲು ಕಣಜ ತುಂಬು ಎಂಬ ಆಟದ ಮೂಲ ಆತಂಕಕ್ಕೆ ಇಲ್ಲಿ ಜಾಗವಿಲ್ಲ. ಮಳೆ ತಡವಾದರೆ ಏನು ಗತಿ ಎಂಬ ಇನ್ನೊಂದು ಆತಂಕದ ಸುತ್ತ ಆಟವನ್ನು ಹೊಸದಾಗಿ ಹೆಣೆಯಬೇಕಾಗುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ಬೂದಿದಿಬ್ಬ. ಬಳ್ಳಾರಿ ಬಳಿಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ, ಈಗ ತೆಲಂಗಾಣದಲ್ಲಿರುವ ಉಟ್ನೂರು ಮೊದಲಾದೆಡೆ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟು ಗುಡ್ಡದಂತೆ ಬೆಳೆಸಿದ್ದಾರೆ. ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೇ ಕಂಡವು. ಅಲ್ಲಿದ್ದದ್ದು ದೊಡ್ಡಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೂದಿಹಾಳದಲ್ಲಿ ಕೆ. ಪದ್ದಯ್ಯ ದೊಡ್ಡಿಯ ಪಕ್ಕದಲ್ಲೇ ಜನವಸತಿಯನ್ನೂ ಗುರುತಿಸಿದರು. ಸುಟ್ಟದ್ದು ಹಬ್ಬಕ್ಕೋ, ಶುಚಿಗೋ, ವಲಸೆ ಹೊರಡುವಾಗಿನ ಆಚರಣೆಗೋ ಎಂಬ ಚರ್ಚೆ ಇನ್ನೂ ನಡೆದಿದೆ. ‘ಡಾನ್ ಆಫ್ ಮ್ಯಾನ್’ನ ಕಟ್ಟಡಗಳಲ್ಲಿ ನಿಲಿಸುಗಲ್ಲು, ಕಲ್ಮನೆ, ಶಿಲಾವೃತ್ತಗಳಿವೆ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೊರೇರ ಗುಡ್ಡ ನೋಡಿದವರಿಗೆ ಕಲ್ಮನೆ ಪರಿಚಿತವಾಗಿಯೇ ಕಾಣುತ್ತದೆ. ಬೂದಿದಿಬ್ಬಕ್ಕೆ ಮಾತ್ರ ಅಲ್ಲಿ ಎಡೆಯಿಲ್ಲ.

ಏಣಿಯ ತೊಡಕು ದಕ್ಷಿಣ ಭಾರತಕ್ಕೆ ಮಾತ್ರ ಸೀಮಿತವಲ್ಲ. ಟರ್ಕಿಯ ಗೊಬೆಕ್ಲಿ ಟೆಪೆಯಲ್ಲಿ 1995ರಿಂದ ಕ್ಲಾಸ್ ಶ್ಮಿಟ್ ನಡೆಸಿದ ಉತ್ಖನನ, ಬೇಸಾಯ ನೆಲೆಯೂರುವ ಮೊದಲೇ ಬೇಟೆಗಾರರು ಕೆತ್ತನೆಯ ಭಾರಿ ಕಂಬಗಳನ್ನು ನಿಲ್ಲಿಸಿದ್ದನ್ನು ತೋರಿಸಿತು. ಮೊದಲು ಹೊಟ್ಟೆ, ಆಮೇಲೆ ಗುಡಿ ಎಂಬ ಆಟದ ಲೆಕ್ಕ ಅಲ್ಲಿ ತಲೆಕೆಳಗು.

ಬೇರೆ ತಯಾರಕರು ಈ ಆಸೆಗಳನ್ನು ಚೂರುಚೂರಾಗಿ ಎತ್ತಿಕೊಂಡಿದ್ದಾರೆ. ಸ್ಪೇನಿನ ಅನ್‌ಕ್ಯಾಶುವಲ್ ಗೇಮ್ಸ್ 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಹಣ ಎತ್ತಿ ‘ಏನ್ಷಿಯಂಟ್ ಸಿಟೀಸ್’ಗೆ ಕೈಹಾಕಿತು, ಮೂಲ ಆಟ ನವಶಿಲಾಯುಗದ್ದು, ಮುಂದಿನ ಯುಗಗಳು ವಿಸ್ತರಣೆಗಳಾಗಿ ಬರಬೇಕೆಂಬುದು ಯೋಜನೆ. ‘ದಿ ಬ್ಲಾಕ್‌ಹೆಡ್ಸ್’ ಖ್ಯಾತಿಯ ಡೇವ್ ಫ್ರಾಂಪ್ಟನ್ 2022ರ ಜುಲೈನಲ್ಲಿ ‘ಸೇಪಿಯನ್ಸ್’ ಆಟವನ್ನು ಪೂರ್ಣಗೊಳ್ಳುವ ಮೊದಲೇ ಆಡಲು ಬಿಟ್ಟರು. ಅದರಲ್ಲಿ ಇಡೀ ಗ್ರಹವೇ ಅಂಗಳ, ಹಲವರು ಕೂಡಿ ಆಡಬಹುದು, ಮಾಡ್‌ಗಳಿಗೂ ಬಾಗಿಲು ತೆರೆದಿದೆ. 2023ರ ‘ರೂಟ್ಸ್ ಆಫ್ ಪಾಚಾ’ ಶಿಲಾಯುಗದ ಬೇಸಾಯವನ್ನು ನಾಲ್ವರು ಗೆಳೆಯರು ಸೇರಿ ಆಡುವ ಸೌಮ್ಯ ಆಟವಾಗಿಸಿತು. ಕೂಡಿ ಆಡುವ, ಮುಂದಿನ ಯುಗಕ್ಕೆ ಸಾಗುವ ಬೇಡಿಕೆಗಳಿಗೆ ಹೀಗೆ ಒಂದೊಂದು ಉತ್ತರ ಹೊಳೆದಿದೆ.

ತಾಂತ್ರಿಕ ತೊಡಕೂ ಇದೆ. ಇಂಥ ಆಟಗಳಲ್ಲಿ ಪ್ರತಿಯೊಬ್ಬ ನಿವಾಸಿಗೂ ಹಸಿವು, ದಣಿವು, ಕೆಲಸ, ನಡೆಯುವ ದಾರಿ ಎಲ್ಲವನ್ನೂ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕಬೇಕು. ಕೆಲವೇ ನೂರು ಜನರ ಊರಿಗೆಂದು ಬರೆದ ಲೆಕ್ಕಾಚಾರದ ಮೇಲೆ ಸಾವಿರಾರು ಜನರ ನಗರ ಹೇರಿದರೆ ಆಟ ಮುಗ್ಗರಿಸುತ್ತದೆ. ಚಿಕ್ಕ ತಂಡಕ್ಕೆ ಅದು ವಿಸ್ತರಣೆಯಲ್ಲ, ಹೊಸ ಆಟವನ್ನೇ ಬರೆದಷ್ಟು ಕೆಲಸ. ಲೂಕ್ ಹೊಡೊರೊವಿಚ್ ಒಬ್ಬರೇ ಕೂತು ಬರೆದು 2014ರಲ್ಲಿ ಹೊರತಂದ ‘ಬ್ಯಾನಿಶ್ಡ್’ ಇದಕ್ಕೊಂದು ದಾರಿ ತೋರಿಸಿತ್ತು. ಅದು ಶಿಲಾಯುಗದ್ದಲ್ಲ, ಆದರೂ ಚಳಿಗೆ ಹೆದರಿ ಕಣಜ ತುಂಬುವ ಇದೇ ಕುಲದ ಆಟ. ಅವರು ಮಾಡ್ ಕಟ್ಟುವ ಸಲಕರಣೆಗಳನ್ನು ಆಟಗಾರರ ಕೈಗಿತ್ತರು. ‘ಕಲೋನಿಯಲ್ ಚಾರ್ಟರ್’ ಎಂಬ ಅಭಿಮಾನಿ ಮಾಡ್ ಹೊಸ ಬೆಳೆ, ಹೊಸ ಕಸುಬು, ಹೊಸ ಕಟ್ಟಡಗಳನ್ನು ಹೇರಳವಾಗಿ ತುಂಬಿ ಮೂಲ ಆಟದ ಚಹರೆಯನ್ನೇ ಬದಲಿಸಿತು.

‘ಡಾನ್ ಆಫ್ ಮ್ಯಾನ್’ನಲ್ಲಿ ಸನ್ನಿವೇಶ ಬರೆಯುವವರಿಗೆ ಸಿಕ್ಕದ್ದು ಅದಕ್ಕಿಂತ ಇಕ್ಕಟ್ಟಾದ ಅಂಗಳ. ನೆಲದ ಸ್ವರೂಪ, ಪ್ರಾಣಿಗಳ ಹಂಚಿಕೆ, ತಲುಪಬೇಕಾದ ಗುರಿ ಇವನ್ನು ಅವರು ತಿದ್ದಬಲ್ಲರು. ಬಳ್ಳಾರಿಯ ಬಂಡೆಗುಡ್ಡವನ್ನು ಹೋಲುವ ನಕ್ಷೆ ಬರೆದುಕೊಂಡರೂ ಅದರ ತಪ್ಪಲಿನಲ್ಲಿ ಬಿತ್ತಲು ಹುರುಳಿ ಇರುವುದಿಲ್ಲ, ಕಬ್ಬಿಣಕ್ಕೆ ಹೋಗುವ ದಾರಿಯೂ ಕಂಚಿನ ಮೂಲಕವೇ ಹಾದುಹೋಗುತ್ತದೆ.