ಅರ್ಹತಾ ಪತ್ರವಿಲ್ಲದ ಹಾಗೂ ಸುಸ್ಥಿತಿಯಲ್ಲಿಲ್ಲದ ವಾಹನಗಳಿಗೆ ದಂಡ: ವಿಟ್ಲ ಭಾಗದ ವಾಹನ ಮಾಲೀಕರ ಮಾಹಿತಿಗಾಗಿ

ಬಾಡಿಗೆಗೆ ಓಡುವ ಆಟೋರಿಕ್ಷಾ, ಟ್ಯಾಕ್ಸಿ, ಪಿಕಪ್, ಲಾರಿ, ಬಸ್ಸು ಹಾಗೂ ಶಾಲಾ ವಾಹನಗಳು ಸಾರಿಗೆ ವಾಹನಗಳೆನಿಸಿಕೊಳ್ಳುತ್ತವೆ. ಇಂತಹ ಪ್ರತಿಯೊಂದು ವಾಹನಕ್ಕೂ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 56ರ ಮೇರೆಗೆ ಅರ್ಹತಾ ಪತ್ರ, ಅಂದರೆ ಜನಬಳಕೆಯ ಎಫ್.ಸಿ., ಇರತಕ್ಕದ್ದು. ಇದರ ಅವಧಿ ಮುಗಿದ ವಾಹನವು ಕಾನೂನಿನ ದೃಷ್ಟಿಯಲ್ಲಿ ನೋಂದಣಿಯನ್ನೇ ಹೊಂದಿಲ್ಲದ ವಾಹನಕ್ಕೆ ಸಮಾನವಾಗುತ್ತದೆ. ನೋಂದಣಿ ಪತ್ರವು ಕೈಯಲ್ಲಿದ್ದರೂ ಸ್ಥಿತಿ ಇದೇ ಆಗಿರುತ್ತದೆ. ಅನೇಕ ಮಾಲೀಕರು ಗಮನಿಸದೇ ಬಿಡುವ ಅಂಶವಿದು.

ಆದುದರಿಂದ ಅರ್ಹತಾ ಪತ್ರವಿಲ್ಲದೆ ಸಾರಿಗೆ ವಾಹನವನ್ನು ಓಡಿಸಿದಲ್ಲಿ ಕಲಂ 192 ಅನ್ವಯವಾಗುತ್ತದೆ. ಮೊದಲನೆಯ ಅಪರಾಧಕ್ಕೆ 2,000 ರೂಪಾಯಿಗಳಿಗೆ ಕಡಿಮೆಯಿಲ್ಲದಂತೆ 5,000 ರೂಪಾಯಿಗಳವರೆಗೆ ಜುಲ್ಮಾನೆ. ಅಪರಾಧ ಮರುಕಳಿಸಿದಲ್ಲಿ ಒಂದು ವರ್ಷದವರೆಗೆ ಕಾರಾವಾಸ ಅಥವಾ 5,000ದಿಂದ 10,000 ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಚಾಲಕನು ಮಾತ್ರವಲ್ಲದೆ, ವಾಹನವನ್ನು ಓಡಿಸಲು ಬಿಟ್ಟ ಮಾಲೀಕನೂ ಹೊಣೆಗಾರನಾಗಿರುತ್ತಾನೆ. ಕಲಂ 207ರ ಮೇರೆಗೆ ವಾಹನವನ್ನು ತಡೆಹಿಡಿಯುವ ಅಧಿಕಾರವೂ ಇರುತ್ತದೆ.

ಅರ್ಹತಾ ಪತ್ರವಿದ್ದ ಮಾತ್ರಕ್ಕೆ ವಾಹನವು ಸುಸ್ಥಿತಿಯಲ್ಲಿದೆಯೆಂದು ಭಾವಿಸತಕ್ಕದ್ದಲ್ಲ. ಕಲಂ 190 ಬೇರೆಯೇ ಅಪರಾಧಕ್ಕೆ ಸಂಬಂಧಿಸಿದ್ದು, ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೂ ಅನ್ವಯಿಸುತ್ತದೆ. ತನಗೆ ತಿಳಿದಿರುವ ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಅಪಾಯಕರವಾಗಿ ಓಡಿಸುವುದೇ ಈ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಇದರ ದಂಡವನ್ನು 250 ರೂಪಾಯಿಗಳಿಂದ 1,500 ರೂಪಾಯಿಗಳಿಗೆ ಏರಿಸಲಾಯಿತು. ಅಂತಹ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯ ಅಥವಾ ಆಸ್ತಿಹಾನಿಯಾದಲ್ಲಿ ಮೂರು ತಿಂಗಳವರೆಗೆ ಕಾರಾವಾಸ ಅಥವಾ 5,000 ರೂಪಾಯಿ ಜುಲ್ಮಾನೆ ಅಥವಾ ಎರಡೂ ಆಗಬಹುದು. ಹಿಂದೆ ಈ ಜುಲ್ಮಾನೆ 1,000 ರೂಪಾಯಿಗಳಷ್ಟಿತ್ತು.

ಮಳೆಗಾಲದಲ್ಲಿ ವಿಟ್ಲದ ಏರುತಗ್ಗಿನ ರಸ್ತೆಗಳಲ್ಲಿ ಸವೆದ ಟೈರು ಹಾಗೂ ದುರ್ಬಲ ಬ್ರೇಕುಗಳೇ ಇಂತಹ ದೋಷಗಳಲ್ಲಿ ಮುಖ್ಯವಾದವು. ಟೈರಿನ ಪಟ್ಟೆಗಳ ಆಳವು ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ., ಇತರೆ ವಾಹನಗಳಿಗೆ 1.6 ಮಿ.ಮೀ.ಗಿಂತ ಕಡಿಮೆ ಇರತಕ್ಕದ್ದಲ್ಲ. ಇದನ್ನು ತಪಾಸಣೆಯ ದಿನದವರೆಗೆ ಕಾಯದೆ ಮಾಲೀಕರೇ ಮನೆಯಂಗಳದಲ್ಲಿ ನೋಡಿಕೊಳ್ಳಬಹುದು.

ಹೊಗೆ ತಪಾಸಣಾ ಪತ್ರದ ವಿಷಯ ಮತ್ತಷ್ಟು ಕಠಿಣ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನಕ್ಕೆ ಕಲಂ 190(2)ರ ಮೇರೆಗೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ 10,000 ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡೂ, ಜೊತೆಗೆ ಚಾಲನಾ ಅನುಜ್ಞಾಪತ್ರಕ್ಕೆ ಮೂರು ತಿಂಗಳ ಅನರ್ಹತೆ ಇರುತ್ತದೆ. ಕರ್ನಾಟಕ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿಯೇ ಕೆಲವು ಅಪರಾಧಗಳ ರಾಜಿ ದಂಡದ ಮೊತ್ತವನ್ನು ಇಳಿಸಿದುದರಿಂದ, ಸ್ಥಳದಲ್ಲಿ ಪಾವತಿಸಬೇಕಾದ ಹಣವು ಅಧಿನಿಯಮದ ಗರಿಷ್ಠ ಮೊತ್ತಕ್ಕಿಂತ ಕಡಿಮೆ ಇರಬಹುದು. ಪ್ರಕರಣವು ನ್ಯಾಯಾಲಯಕ್ಕೆ ಹೋದಲ್ಲಿ ಈ ರಿಯಾಯಿತಿಯನ್ನು ನಿರೀಕ್ಷಿಸುವಂತಿಲ್ಲ.

ಹೊಸ ಸಾರಿಗೆ ವಾಹನದ ಅರ್ಹತಾ ಪತ್ರವು ಎರಡು ವರ್ಷಗಳ ಅವಧಿಯದು. ಬಳಿಕ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸತಕ್ಕದ್ದು. ಸ್ವಂತ ಬಳಕೆಯ ವಾಹನಗಳಿಗೆ ಹದಿನೈದು ವರ್ಷಗಳವರೆಗೆ ಪ್ರತ್ಯೇಕ ಅರ್ಹತಾ ಪತ್ರ ಬೇಕಿಲ್ಲ; ಆ ಬಳಿಕ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ಐದು ವರ್ಷಗಳ ಅವಧಿಗೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಈ ಅರ್ಜಿಯನ್ನು ಅವಧಿ ಮುಗಿಯುವ ಮುನ್ನ, 60 ದಿನಗಳೊಳಗೆ ಸಲ್ಲಿಸಬಹುದು.

ವಿಟ್ಲವು ಬಂಟ್ವಾಳ ತಾಲೂಕಿಗೆ ಸೇರಿದ್ದು, ಅರ್ಜಿದಾರರು ಕೆಎ-70 ಸಂಖ್ಯೆಯ ಬಂಟ್ವಾಳ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಪರಿವಾಹನ್ ಜಾಲತಾಣದಲ್ಲಿ ಶುಲ್ಕ ಪಾವತಿಸಿ ದಿನವನ್ನು ಕಾಯ್ದಿರಿಸಿಕೊಳ್ಳುವಾಗ ತಪಾಸಣಾ ಸ್ಥಳವನ್ನೂ ಖಚಿತಪಡಿಸಿಕೊಳ್ಳುವುದು. ಶುಲ್ಕವು ವಾಹನದ ವರ್ಗ ಮತ್ತು ವಯಸ್ಸಿಗನುಗುಣವಾಗಿದ್ದು, ಆಗಾಗ್ಗೆ ಪರಿಷ್ಕರಣೆಯಾಗಿರುವುದರಿಂದ ಹಳೆಯ ರಶೀದಿಯನ್ನು ಆಧಾರವಾಗಿ ಹಿಡಿಯಬಾರದು. ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ತೆರಿಗೆ ಪಾವತಿ ಹಾಗೂ ಹೊಗೆ ತಪಾಸಣಾ ಪತ್ರಗಳು ಸಿದ್ಧವಿರಲಿ.

ದಂಡಕ್ಕಿಂತಲೂ ದೊಡ್ಡ ನಷ್ಟವು ಅಪಘಾತವಾದಾಗ ಎದುರಾಗುತ್ತದೆ. ಅರ್ಹತಾ ಪತ್ರವಿಲ್ಲದ ವಾಹನದ ಪರಿಹಾರ ಕೋರಿಕೆಗೆ ವಿಮಾ ಕಂಪನಿಯು ತಕರಾರು ಎತ್ತಲು ಅವಕಾಶವಿದ್ದು, ಪರಿಹಾರದ ಹೊರೆ ಮಾಲೀಕನ ಮೇಲೆಯೇ ಬೀಳಬಹುದು.

ಸಾರಡ್ಕ ಮಾರ್ಗವಾಗಿ ಕಾಸರಗೋಡು ಕಡೆಗೆ ಹೋಗಿಬರುವ ವಾಹನಗಳಿಗೆ ಪ್ರತ್ಯೇಕ ಅರ್ಹತಾ ಪತ್ರ ಬೇಕಿಲ್ಲ. ಒಂದು ರಾಜ್ಯದಲ್ಲಿ ನೀಡಿದ ಪತ್ರವು ಇಡೀ ದೇಶದಲ್ಲಿ ಸಿಂಧುವಾಗಿರುತ್ತದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳನ್ನೂ ತೋರಿಸಬಹುದು. ರೋಗಿ ಅಥವಾ ಗಾಯಾಳುವನ್ನು ತುರ್ತಾಗಿ ಸಾಗಿಸಿದಾಗ ಕಲಂ 192 ಅನ್ವಯಿಸುವುದಿಲ್ಲ, ಆದರೆ ಏಳು ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ವರದಿ ಸಲ್ಲಿಸತಕ್ಕದ್ದು. ಅರ್ಹತಾ ಪತ್ರವನ್ನು ನಿರಾಕರಿಸಿದ ಅಥವಾ ರದ್ದುಪಡಿಸಿದ ಆದೇಶದಿಂದ ಬಾಧಿತರಾದವರು ಆದೇಶ ತಲುಪಿದ 30 ದಿನಗಳೊಳಗೆ ಕಲಂ 57ರ ಮೇರೆಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.