ಹಸಿರು ಟಿಕ್ ಬಂದರೆ ಸಾಕೇ? ಕಂಟೇನರ್ ಕಾನ್ಫಿಗರೇಶನ್ ಪರೀಕ್ಷಿಸುವ ಕಮಾಂಡ್ ಲೈನ್ ಸಾಧನಗಳು

ಡಾಕರ್‌ನಲ್ಲಿ ಒಂದು ಕಂಟೇನರಿಗೆ 512 ಮೆಗಾಬೈಟ್ ಮೆಮೊರಿ ಕೊಡಬೇಕಾದರೆ 512ರ ಜೊತೆಗೆ ಇಂಗ್ಲಿಷಿನ ಚಿಕ್ಕ 'ಎಂ' ಸೇರಿಸಿದರೆ ಆಯಿತು. ಅದೇ ರೂಢಿಯಲ್ಲಿ ಕುಬರ್ನೆಟೀಸ್ ಕಡತದಲ್ಲೂ ಹಾಗೆಯೇ ಬರೆದರೆ ನಾವು ಕೇಳಿದ್ದು ಅರ್ಧ ಬೈಟಿಗಿಂತ ತುಸು ಹೆಚ್ಚು ಮೆಮೊರಿ ಎಂದಾಗುತ್ತದೆ! ಅಲ್ಲಿ ಚಿಕ್ಕ 'ಎಂ' ಎಂದರೆ ಮಿಲಿ, ಅಂದರೆ ಸಾವಿರದಲ್ಲೊಂದು ಪಾಲು. ಇಂಗ್ಲಿಷಿನ ಒಂದೇ ಒಂದು ಅಕ್ಷರವನ್ನು ಇಡಲೂ ಅಷ್ಟು ಜಾಗ ಸಾಲದು. ಬರೆಯಬೇಕಾಗಿದ್ದದ್ದು ದೊಡ್ಡ 'ಎಂ' ಮತ್ತು ಚಿಕ್ಕ 'ಐ'. ಸ್ವಾರಸ್ಯ ಏನೆಂದರೆ, ಈ ತಪ್ಪು ಇರುವ ಕಡತವನ್ನು ಹೆಸರುವಾಸಿ ತಪಾಸಣಾ ಸಾಧನಕ್ಕೆ ಕೊಟ್ಟರೂ ಅದು 'ಸರಿಯಾಗಿದೆ' ಎಂದೇ ಹೇಳಬಹುದು. ಅದು ಸುಳ್ಳು ಹೇಳುತ್ತಿಲ್ಲ. ಅದಕ್ಕೆ ನಾವು ಕೇಳಿದ ಪ್ರಶ್ನೆಯೇ ಬೇರೆ.

ಹಾಗಾದರೆ ಯಾವ ಸಾಧನ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಇದು ಗೊತ್ತಿಲ್ಲದೆ 'ವ್ಯಾಲಿಡೇಟರ್ ಓಡಿಸಿದ್ದೇವೆ, ಇನ್ನೇನೂ ಭಯವಿಲ್ಲ' ಎಂದುಕೊಳ್ಳುವುದು ಈ ಕ್ಷೇತ್ರದಲ್ಲಿ ವ್ಯಾಪಕವಾಗಿರುವ ಒಂದು ತಪ್ಪು ನಂಬಿಕೆ.

ಮೊದಲು ಹಿನ್ನೆಲೆ. ಒಂದು ತಂತ್ರಾಂಶವನ್ನೂ ಅದು ಓಡಲು ಬೇಕಾದ ಉಳಿದ ಸರಂಜಾಮನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟನ್ನು ಕಂಟೇನರ್ ಎನ್ನುತ್ತೇವೆ. ಇಂಥ ನೂರಾರು ಗಂಟುಗಳನ್ನು ಯಾವ ಕಂಪ್ಯೂಟರಿನಲ್ಲಿ ಓಡಿಸಬೇಕು, ಒಂದು ಬಿದ್ದರೆ ಇನ್ನೊಂದನ್ನು ಹೇಗೆ ಎಬ್ಬಿಸಬೇಕು ಎಂದು ನೋಡಿಕೊಳ್ಳುವ ವ್ಯವಸ್ಥೆ ಕುಬರ್ನೆಟೀಸ್. ಗೂಗಲ್ ಇದನ್ನು 2014ರಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು, 1.0 ಆವೃತ್ತಿ ಬಂದದ್ದು 2015ರ ಜುಲೈನಲ್ಲಿ. ನಮಗೆ ಏನು ಬೇಕು ಎನ್ನುವುದನ್ನು ನಾವು ಯಾಮಲ್ ಎಂಬ ಬರಹ ಪದ್ಧತಿಯ ಕಡತದಲ್ಲಿ ಬರೆದು ಕೊಡುತ್ತೇವೆ, ಅದು ಹಾಗೇ ನಡೆಸುತ್ತದೆ. ಬರೆದದ್ದು ತಪ್ಪಾಗಿದ್ದರೆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ನಡೆಸುತ್ತದೆ.

ಮೊದಲ ಪ್ರಶ್ನೆ: ಇದು ಯಾಮಲ್ ಹೌದೇ? ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಯಾಮಲ್‌ನಲ್ಲಿ ಅರ್ಥವಿದೆ, ಟ್ಯಾಬ್ ಕೀಲಿಯಿಂದ ಜಾಗ ಬಿಡುವಂತಿಲ್ಲ. ಯಾಮಲ್‌ಲಿಂಟ್ ಎಂಬ ಪುಟ್ಟ ಸಾಧನ ಇಂಥದ್ದನ್ನು ಹಿಡಿಯುತ್ತದೆ. ಆದರೆ ಯಾಮಲ್‌ನ ನಿಜವಾದ ಕಾಟ ಬೇರೆಯದು. ಅದರ 1.1 ಆವೃತ್ತಿಯ ನಿಯಮದಂತೆ ಉದ್ಧರಣ ಚಿಹ್ನೆ ಇಲ್ಲದೆ 'ನೋ' ಎಂದು ಇಂಗ್ಲಿಷಿನಲ್ಲಿ ಬರೆದರೆ ಅದು ಪದವಲ್ಲ, 'ಸುಳ್ಳು' ಎಂಬ ತಾರ್ಕಿಕ ಮೌಲ್ಯ. ದೇಶಗಳ ಎರಡಕ್ಷರದ ಸಂಕೇತ ಬರೆಯುವಾಗ ನಾರ್ವೆಯ ಸಂಕೇತವೂ ಅದೇ ಆಗಿರುವುದರಿಂದ ಇದಕ್ಕೆ ನಾರ್ವೆ ಸಮಸ್ಯೆ ಎಂದೇ ಹೆಸರು. 2009ರ 1.2 ಆವೃತ್ತಿ ಈ ನಿಯಮವನ್ನು ಕೈಬಿಟ್ಟಿತಾದರೂ ಹಳೆಯ ನಿಯಮ ಪಾಲಿಸುವ ತಂತ್ರಾಂಶಗಳು ಇನ್ನೂ ಬೇಕಾದಷ್ಟಿವೆ. ಆವೃತ್ತಿ ಸಂಖ್ಯೆ 1.10 ಎಂದು ಬರೆದರೆ ಅದೂ ದಶಮಾಂಶ ಸಂಖ್ಯೆಯೆಂದು ಓದಲ್ಪಟ್ಟು 1.1 ಆಗಿಬಿಡುತ್ತದೆ. ಅನುಮಾನವಿದ್ದಲ್ಲಿ ಉದ್ಧರಣ ಚಿಹ್ನೆ ಹಾಕುವುದೇ ಕ್ಷೇಮ.

ಎರಡನೆಯ ಪ್ರಶ್ನೆ: ಇದು ಕುಬರ್ನೆಟೀಸ್‌ಗೆ ಅರ್ಥವಾಗುವ ಯಾಮಲ್ ಹೌದೇ? ಯಾವ ಹೆಸರಿನ ಅಂಕಣಗಳಿರಬೇಕು, ಯಾವುದರಲ್ಲಿ ಸಂಖ್ಯೆ, ಯಾವುದರಲ್ಲಿ ಪಠ್ಯ ಎಂದು ಹೇಳುವ ನಕ್ಷೆಯೇ ಸ್ಕೀಮಾ. ಕಡತವನ್ನು ಈ ನಕ್ಷೆಯೊಡನೆ ಹೋಲಿಸಲು ಕೆಲವು ವರ್ಷ ಕ್ಯೂಬ್‌ವಾಲ್ ಎಂಬ ಸಾಧನ ಬಳಕೆಯಲ್ಲಿತ್ತು. ಈಗ ಅದರ ನಿರ್ವಹಣೆ ನಿಂತಿದೆ. ಅದನ್ನು ಮಾಡಿದವರೇ ಕ್ಯೂಬ್‌ಕಾನ್‌ಫಾರ್ಮ್ ಬಳಸಿ ಎಂದು ಸೂಚಿಸಿದ್ದಾರೆ. ಹಳೆಯ ಪಾಠಗಳನ್ನು ನೋಡಿ ಕ್ಯೂಬ್‌ವಾಲ್ ಅಳವಡಿಸಿಕೊಂಡಿರುವವರು ಬದಲಾಯಿಸುವುದು ಒಳ್ಳೆಯದು.

ಕ್ಯೂಬ್‌ಕಾನ್‌ಫಾರ್ಮ್ ವೇಗದ ಸಾಧನ, ಕ್ಲಸ್ಟರಿನ ಸಂಪರ್ಕವೇ ಬೇಡ. ಆದರೆ ಅದರ ಮೂರು ಆಯ್ಕೆಗಳನ್ನು ಅರಿಯದೆ ಬಳಸಿದರೆ ಹಸಿರು ಟಿಕ್‌ಗೆ ಹೆಚ್ಚು ಬೆಲೆಯಿಲ್ಲ. ಒಂದು, ಸ್ಟ್ರಿಕ್ಟ್. ಇದನ್ನು ಕೊಡದಿದ್ದರೆ ಗೊತ್ತಿಲ್ಲದ ಅಂಕಣಗಳನ್ನು ಅದು ಆಕ್ಷೇಪಿಸುವುದಿಲ್ಲ. 'ರೆಪ್ಲಿಕಾಸ್' ಎಂಬ ಅಂಕಣದ ಕೊನೆಯ 'ಎಸ್' ಬಿಟ್ಟು, ಮೂರು ಪ್ರತಿ ಬೇಕೆಂದು ಬರೆದಿದ್ದೇವೆ ಎನ್ನಿ. ಸ್ಟ್ರಿಕ್ಟ್ ಇಲ್ಲದ ತಪಾಸಣೆ ಪಾಸು. ಅದೇ ಕಡತವನ್ನು ಅಂಕಣಗಳ ಪರಿಶೀಲನೆ ಬಿಟ್ಟು ಕ್ಲಸ್ಟರಿಗೆ ಕಳಿಸಿದರೆ ಸರ್ವರ್ ಆ ಸಾಲನ್ನು ಸದ್ದಿಲ್ಲದೆ ಕೈಬಿಟ್ಟು, ಏನೂ ಹೇಳದಿದ್ದಾಗ ಕೊಡುವಂತೆ ಒಂದೇ ಪ್ರತಿ ಓಡಿಸುತ್ತದೆ. ಆ ಒಂದು ಬೀಳುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯ ಆಯ್ಕೆ ಕುಬರ್ನೆಟೀಸ್ ಆವೃತ್ತಿ. ಹೇಳದಿದ್ದರೆ ಅದು ತೀರಾ ಇತ್ತೀಚಿನ ಸ್ಕೀಮಾವನ್ನೇ ಹಿಡಿದು ಹೋಲಿಸುತ್ತದೆ. ನಮ್ಮ ಕ್ಲಸ್ಟರ್ ಯಾವುದೋ ಬೇರೆ ಆವೃತ್ತಿಯದಾಗಿರಬಹುದು. ಇದು ಸಣ್ಣ ಸಂಗತಿಯಲ್ಲ. 2019ರ 1.16 ಆವೃತ್ತಿ ಡಿಪ್ಲಾಯ್‌ಮೆಂಟ್‌ನ ಹಳೆಯ ಬೀಟಾ ರೂಪಗಳನ್ನು ನಿಲ್ಲಿಸಿತು, 2021ರ 1.22 ಇನ್‌ಗ್ರೆಸ್‌ನ ಬೀಟಾ ರೂಪಗಳನ್ನು ತೆಗೆಯಿತು, 2022ರ 1.25 ಪಾಡ್ ಸೆಕ್ಯುರಿಟಿ ಪಾಲಿಸಿಯನ್ನೇ ಕಿತ್ತುಹಾಕಿತು. ನಿನ್ನೆ ಸರಿಯಿದ್ದ ಕಡತ ಒಂದಕ್ಷರ ಬದಲಾಗದೆಯೂ ಇಂದು ತಪ್ಪಾಗುವುದು ಹೀಗೆ. ಕ್ಲಸ್ಟರನ್ನು ಮುಂದಿನ ಆವೃತ್ತಿಗೆ ಒಯ್ಯುವ ಮುನ್ನ ಇಂಥ ಹಳೆಯ ರೂಪಗಳನ್ನು ಹುಡುಕಿಕೊಡಲೆಂದೇ ಪ್ಲೂಟೋ ಎಂಬ ಪ್ರತ್ಯೇಕ ಸಾಧನವಿದೆ. ಮೂರನೆಯದು, ಸ್ಕೀಮಾ ಸಿಗದಿದ್ದರೆ ಪರವಾಗಿಲ್ಲ ಎನ್ನುವ ಆಯ್ಕೆ. ಬೇರೆ ಬೇರೆ ಸಂಸ್ಥೆಗಳು ತಮ್ಮದೇ ಬಗೆಯ ವಸ್ತುಗಳನ್ನು ಕುಬರ್ನೆಟೀಸ್‌ಗೆ ಸೇರಿಸುವುದರಿಂದ ಈ ಆಯ್ಕೆ ಬೇಕಾಗುತ್ತದೆ. ಆದರೆ ಅಲ್ಲಿ 'ಸರಿ' ಎನ್ನುವುದಕ್ಕೂ 'ನೋಡಲೇ ಇಲ್ಲ' ಎನ್ನುವುದಕ್ಕೂ ವ್ಯತ್ಯಾಸವಿದೆ. ಸಾರಾಂಶ ಮುದ್ರಿಸಲು ಹೇಳಿದರೆ ಎಷ್ಟು ಕಡತಭಾಗಗಳನ್ನು ಅದು ಬಿಟ್ಟು ಮುಂದೆ ಹೋಗಿದೆ ಎನ್ನುವ ಲೆಕ್ಕ ಕಾಣುತ್ತದೆ. ನಾವಂತೂ ಮೊದಲು ನೋಡುವುದು ಆ ಸಂಖ್ಯೆಯನ್ನೇ.

ಹೆಲ್ಮ್ ಬಳಸುವವರಿಗೆ ಇನ್ನೊಂದು ಮಾತು. ಹೆಲ್ಮ್‌ನ ಅಚ್ಚುಗಳು ಯಾಮಲ್ ಅಲ್ಲ, ಯಾಮಲ್ ಹುಟ್ಟಿಸುವ ಮಾದರಿಗಳು. ಹಾಗಾಗಿ ಮೊದಲು ಅಚ್ಚಿನಿಂದ ಕಡತ ತೆಗೆಸಿ, ಅದನ್ನು ಪೈಪ್ ಮೂಲಕ ತಪಾಸಕಕ್ಕೆ ಕೊಡುವುದು ವಾಡಿಕೆ. ಹೆಲ್ಮ್ ನಡುವೆಯೇ ಎಡವಿದರೆ? ತಪಾಸಕಕ್ಕೆ ಹೋಗುವುದು ಖಾಲಿ. ಸೊನ್ನೆ ವಸ್ತುಗಳಲ್ಲಿ ಸೊನ್ನೆ ತಪ್ಪು, ಎಲ್ಲವೂ ಕ್ಷೇಮ! ಶೆಲ್ ಸಾಮಾನ್ಯವಾಗಿ ಪೈಪಿನ ಕೊನೆಯ ಆದೇಶದ ಫಲಿತಾಂಶವನ್ನಷ್ಟೇ ಗಮನಿಸುವುದರಿಂದ ಇಡೀ ಸಾಲು ಯಶಸ್ವಿ ಎಂದೇ ದಾಖಲಾಗುತ್ತದೆ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆ ಹಾಕಿದರೆ ಈ ರಂಧ್ರ ಮುಚ್ಚುತ್ತದೆ.

ಮೂರನೆಯ ಪ್ರಶ್ನೆ: ನಮ್ಮ ಕ್ಲಸ್ಟರ್ ಇದನ್ನು ಒಪ್ಪುತ್ತದೆಯೇ? ಇದಕ್ಕೆ ಕ್ಲಸ್ಟರನ್ನೇ ಕೇಳಬೇಕು. ಕ್ಯೂಬ್‌ಸಿಟಿಎಲ್ ಆದೇಶಕ್ಕೆ ಡ್ರೈ ರನ್ ಎಂಬ ಆಯ್ಕೆಯಿದೆ, ಅದರಲ್ಲಿ ಎರಡು ಬಗೆ. 'ಕ್ಲೈಂಟ್' ಬಗೆಯಲ್ಲಿ ಕಡತ ಸರ್ವರಿನ ಪೂರ್ಣ ತಪಾಸಣೆಗೆ ಹೋಗುವುದೇ ಇಲ್ಲ. 'ಸರ್ವರ್' ಬಗೆಯಲ್ಲಿ ಕೋರಿಕೆ ನಿಜವಾಗಿ ಕ್ಲಸ್ಟರಿಗೆ ಹೋಗಿ, ಅನುಮತಿ, ನಿಯಮ, ತಡೆಗಟ್ಟೆಗಳನ್ನೆಲ್ಲ ದಾಟಿ, ಉಳಿಸುವ ಹಂತವೊಂದನ್ನು ಮಾತ್ರ ಬಿಡುತ್ತದೆ. ಹೆಸರು ಒಂದೇ ಆದ್ದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರು ಹಲವರು. ಸಾಧ್ಯವಿರುವಲ್ಲೆಲ್ಲ ಎರಡನೆಯದನ್ನೇ ಬಳಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕ್ಲಸ್ಟರಿನ ಪ್ರವೇಶಾಧಿಕಾರ ಬೇಕಾಗುವುದರಿಂದ ಎಲ್ಲ ಕಡೆ ಆಗದು ಎನ್ನುವುದೂ ನಿಜ. ಆರಂಭದಲ್ಲಿ ಹೇಳಿದ ಮಿಲಿಬೈಟ್ ತಪ್ಪಿಗೆ ಈಚಿನ ಸರ್ವರ್‌ಗಳು ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತವೆ. ಎಚ್ಚರಿಕೆ ಅಷ್ಟೆ, ತಡೆಯುವುದಿಲ್ಲ.

ನಾಲ್ಕನೆಯದು, ಒಪ್ಪಿದರೂ ಇದು ಜಾಣತನವೇ? ಕ್ಯೂಬ್‌ಲಿಂಟರ್, ಕ್ಯೂಬ್‌ಸ್ಕೋರ್, ಪೊಲಾರಿಸ್ ಈ ಕೆಲಸಕ್ಕಿವೆ. ಕಂಟೇನರ್ ರೂಟ್ ಅಧಿಕಾರದಲ್ಲಿ ಓಡುತ್ತಿದೆಯೇ, ಮೆಮೊರಿಗೆ ಮಿತಿ ಇದೆಯೇ, ಚಿತ್ರಿಕೆಗೆ ನಿಗದಿತ ಆವೃತ್ತಿ ಹೇಳದೆ 'ಲೇಟೆಸ್ಟ್' ಎಂದು ಬಿಟ್ಟಿದ್ದೇವೆಯೇ ಎಂದು ಇವು ಕೇಳುತ್ತವೆ. ಒಂದು ಸರ್ವಿಸ್ ಹುಡುಕುತ್ತಿರುವ ಲೇಬಲ್ ಯಾವ ಪಾಡ್‌ನಲ್ಲೂ ಇಲ್ಲದಿರುವುದನ್ನೂ ಕ್ಯೂಬ್‌ಲಿಂಟರ್ ಹಿಡಿಯಬಲ್ಲದು. ಎರಡೂ ಕಡತ ಬಿಡಿಬಿಡಿಯಾಗಿ ಸರಿ, ಸೇರಿಸಿ ನೋಡಿದಾಗ ತಪ್ಪು. ಸ್ಕೀಮಾ ಇದನ್ನು ಎಂದಿಗೂ ಕಾಣದು. ನಮ್ಮದೇ ನಿಯಮ ಬರೆಯಬೇಕೆಂದರೆ ಕಾನ್ಫ್‌ಟೆಸ್ಟ್ ಇದೆ, ಆದರೆ ರೆಗೋ ಭಾಷೆ ಕಲಿಯಬೇಕು. ಕೈವರ್ನೋದಲ್ಲಿ ನಿಯಮವನ್ನೂ ಯಾಮಲ್‌ನಲ್ಲೇ ಬರೆಯಬಹುದು. ಈ ಗುಂಪಿನ ಸಾಧನಗಳು ಮೊದಲ ದಿನ ರಾಶಿ ದೂರು ಸುರಿಯುತ್ತವೆ. ಎಲ್ಲವನ್ನೂ ಒಮ್ಮೆಗೇ ಕಡ್ಡಾಯ ಮಾಡಿದರೆ ಜನ ತಪಾಸಣೆಯನ್ನೇ ಆರಿಸಿಬಿಡುತ್ತಾರೆ. ಎರಡು ಮೂರು ನಿಯಮಗಳಿಂದ ಶುರುಮಾಡುವುದೇ ವಾಸಿ. ಅಸಡ್ಡೆಯ ಬೆಲೆ ಏನೆಂದು 2018ರ ಫೆಬ್ರುವರಿಯಲ್ಲಿ ಬಯಲಾಗಿತ್ತು: ಟೆಸ್ಲಾ ಕಂಪನಿಯ ಕುಬರ್ನೆಟೀಸ್ ನಿಯಂತ್ರಣ ಪುಟ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದು, ಕಳ್ಳರು ಅದರೊಳಗೆ ಕ್ರಿಪ್ಟೋಕರೆನ್ಸಿ ಗಣಿಗಾರಿಕೆ ನಡೆಸಿದ್ದನ್ನು ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ ಪತ್ತೆಹಚ್ಚಿತು.

ಈ ನಾಲ್ಕೂ ಬಗೆಯ ಜರಡಿಯಿಂದ ಜಾರಿಕೊಳ್ಳುವ ತಪ್ಪುಗಳೂ ಇವೆ. 2023ರ ಮಾರ್ಚ್ 14ರಂದು ರೆಡಿಟ್ ಜಾಲತಾಣ 314 ನಿಮಿಷ ನಿಂತುಹೋಯಿತು. ಅಂದು ಪೈ ದಿನ ಬೇರೆ! ಅವರು ಕ್ಲಸ್ಟರನ್ನು 1.23ರಿಂದ 1.24ಕ್ಕೆ ಏರಿಸುತ್ತಿದ್ದರು. ನಿಯಂತ್ರಕ ಕಂಪ್ಯೂಟರುಗಳಿಗೆ ಅಂಟಿಸಿರುತ್ತಿದ್ದ 'ಮಾಸ್ಟರ್' ಎಂಬ ಲೇಬಲ್ 1.24ರಲ್ಲಿ ಇಲ್ಲವಾಗಿ, 'ಕಂಟ್ರೋಲ್ ಪ್ಲೇನ್' ಎಂಬುದು ಮಾತ್ರ ಉಳಿಯಿತು. ಜಾಲದ ದಾರಿಗಳನ್ನು ಹಂಚುವ ಕ್ಯಾಲಿಕೋ ವ್ಯವಸ್ಥೆಯ ಸಂರಚನೆ ಮಾತ್ರ ಹಳೆಯ ಲೇಬಲನ್ನೇ ಹುಡುಕುತ್ತಿತ್ತು. ಸಿಗಲಿಲ್ಲ, ದಾರಿಗಳು ಅಳಿಸಿಹೋದವು. ಆ ಸಂರಚನೆಯಲ್ಲಿ ಕಾಗುಣಿತ ತಪ್ಪಿರಲಿಲ್ಲ, ಸ್ಕೀಮಾ ತಪ್ಪಿರಲಿಲ್ಲ. ಸ್ಕೀಮಾದ ಮಟ್ಟಿಗೆ ಲೇಬಲ್ ಎಂದರೆ ಬರಿಯ ಒಂದು ಪದ, ಅದನ್ನು ಹೊತ್ತ ಯಂತ್ರ ಇದೆಯೋ ಇಲ್ಲವೋ ಎಂಬುದು ಅದರ ವ್ಯಾಪ್ತಿಯಲ್ಲ. ಇಂಥದ್ದು ಮುಂಚೆಯೇ ಕಾಣಬೇಕೆಂದರೆ ನಿಜವಾದದ್ದನ್ನೇ ಹೋಲುವ ಇನ್ನೊಂದು ಕ್ಲಸ್ಟರಿನಲ್ಲಿ ಏರಿಕೆಯನ್ನು ಮೊದಲು ಮಾಡಿ ನೋಡಬೇಕು.